ಕಾಲೇಜ್ ಗಾಲ್ಫ್ ಟೀಮ್‌ನಲ್ಲಿ ಒಂಬತ್ತೇ ಸೀಟು

ಬೆಂಗಳೂರಿನಲ್ಲಿ ಗಾಲ್ಫ್ ಆಡುವ ಮಕ್ಕಳ ಅಪ್ಪ ಅಮ್ಮಂದಿರು ನಾಲ್ಕು ಜನ ಸೇರಿದರೆ ಸಾಕು, ಕಾಫಿ ಬರುವ ಮುಂಚೆ ಮಾತು ಅಮೆರಿಕ ತಲುಪಿರುತ್ತದೆ. ಯಾವ ಯೂನಿವರ್ಸಿಟಿ, ಎಷ್ಟು ಪರ್ಸೆಂಟ್ ಸ್ಕಾಲರ್‌ಶಿಪ್, ಯಾರ ಮಗನಿಗೆ ಫುಲ್ ಸಿಕ್ಕಿತಂತೆ, ಯಾರ ಮಗಳು ಯಾವ ಕೋಚ್ ಜೊತೆ ಮಾತಾಡುತ್ತಿದ್ದಾಳಂತೆ. ಆ ಟೀಮ್‌ನಲ್ಲಿ ಈಗ ಯಾರಿದ್ದಾರೆ, ಯಾರು ಯಾವ ವರ್ಷ ಬಿಡುತ್ತಾರೆ, ಟೀಮ್ ನಡೆಸುವ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳುವವರು ಕಮ್ಮಿ. ನನ್ನ ಮಗಳು ಈಗ ಫಸ್ಟ್ ಪಿಯುಸಿ. ಹಾಗಾಗಿ ಕೆಲವು ತಿಂಗಳಿಂದ ರಾತ್ರಿ ಊಟ ಮುಗಿದ ಮೇಲೆ ನನಗೆ ಇದೇ ಕೆಲಸ: ಒಂದಾದ ಮೇಲೊಂದು ಯೂನಿವರ್ಸಿಟಿಯ ರೋಸ್ಟರ್, ಅಂದರೆ ಟೀಮ್‌ನಲ್ಲಿರುವ ಆಟಗಾರರ ಪಟ್ಟಿ, ತೆರೆದು ಓದುವುದು. ಹೆಂಡತಿ ಇದನ್ನು ನನ್ನ ಹೊಸ ಧಾರಾವಾಹಿ ಅನ್ನುತ್ತಾಳೆ. ಇರಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೀಮ್‌ನ ರ‍್ಯಾಂಕಿಂಗ್ ಆಮೇಲೆ ನೋಡಿ, ಸ್ಕಾಲರ್‌ಶಿಪ್ ಆಮೇಲೆ ಕೇಳಿ. ಮೊದಲು ರೋಸ್ಟರ್ ಓದಿ. ಈಗ ಕೊರತೆ ಇರುವುದು ದುಡ್ಡಿಗಿಂತ ಜಾಸ್ತಿ ಜಾಗಕ್ಕೆ.

ಯಾಕೆ ಅಂದರೆ 2025ರಲ್ಲಿ ಇಡೀ ಲೆಕ್ಕ ಬದಲಾಯಿತು. ಅಮೆರಿಕದ ಕಾಲೇಜ್ ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ, ಅದರ ಮೇಲಿನ ದರ್ಜೆ ಡಿವಿಷನ್ 1. ಅದಕ್ಕೂ ಮುಂಚೆ ಅಲ್ಲಿ ಗಂಡುಮಕ್ಕಳ ಗಾಲ್ಫ್ ಟೀಮ್‌ಗೆ 4.5 ಸ್ಕಾಲರ್‌ಶಿಪ್, ಹೆಣ್ಣುಮಕ್ಕಳ ಟೀಮ್‌ಗೆ 6 ಅಂತ ಮಿತಿ ಇತ್ತು. ಹೌದು, ನಾಲ್ಕೂವರೆ. ಅದನ್ನು ಕೋಚ್ ತನಗೆ ಬೇಕಾದ ಹಾಗೆ ಹಂಚಬಹುದಿತ್ತು. ಒಬ್ಬನಿಗೆ 80 ಪರ್ಸೆಂಟ್, ಇನ್ನೊಬ್ಬನಿಗೆ 30, ಮತ್ತೊಬ್ಬನಿಗೆ ಬರೀ ಪುಸ್ತಕದ ದುಡ್ಡು, ಕೊನೆಯವನಿಗೆ ಟೀ ಶರ್ಟ್. ಟೀಮ್‌ನಲ್ಲಿ ಎಷ್ಟು ಜನ ಇರಬೇಕು ಅನ್ನುವುದಕ್ಕೆ ಮಿತಿ ಇರಲಿಲ್ಲ. ಹಾಗಾಗಿ ದುಡ್ಡು ಸಿಗದಿದ್ದರೂ ಪರವಾಗಿಲ್ಲ, ಟೀಮ್‌ನಲ್ಲಿ ಇದ್ದರೆ ಸಾಕು ಅನ್ನುವ ವಾಕ್-ಆನ್ ಹುಡುಗರಿಗೂ ಜಾಗ ಇತ್ತು.

ಆಮೇಲೆ ಹೌಸ್ ಕೇಸ್ ಬಂತು. ಗ್ರ್ಯಾಂಟ್ ಹೌಸ್ ಅನ್ನುವ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಈಜುಗಾರ, ಆಟಗಾರರ ಗಳಿಕೆಗೆ ಎನ್‌ಸಿಎಎ ಹಾಕಿದ್ದ ತಡೆಯ ವಿರುದ್ಧ ಅವನ ಹೆಸರಿನಲ್ಲಿ ನಡೆದ ಕೇಸು. 2025ರ ಜೂನ್ 6ಕ್ಕೆ ಜಡ್ಜ್ ಕ್ಲಾಡಿಯಾ ವಿಲ್ಕನ್ ಒಪ್ಪಂದಕ್ಕೆ ಸಹಿ ಹಾಕಿದರು. ಹಳೇ ಬಾಕಿಗೆ ಸುಮಾರು 2.8 ಬಿಲಿಯನ್ ಡಾಲರ್, ಜೊತೆಗೆ ಇನ್ನು ಮುಂದೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 20.5 ಮಿಲಿಯನ್ ಡಾಲರ್. ಇದರಲ್ಲಿ ಗಾಲ್ಫ್‌ಗೆ ಎಷ್ಟು ಬರುತ್ತದೆ ಅಂತ ಆಸೆಯಿಂದ ಕೇಳಬೇಡಿ, ಬಹುಪಾಲು ಫುಟ್‌ಬಾಲ್ ಮತ್ತು ಗಂಡುಮಕ್ಕಳ ಬಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ನಮಗೆ ತಾಗುವ ಭಾಗ ಬೇರೆ. ಈ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಅದರ ಬದಲು ರೋಸ್ಟರ್ ಮಿತಿ ಬಂತು. ಗಾಲ್ಫ್‌ಗೆ 9. ಗಂಡುಮಕ್ಕಳಿಗೂ 9, ಹೆಣ್ಣುಮಕ್ಕಳಿಗೂ 9. ಮೊದಲೇ ಟೀಮ್‌ನಲ್ಲಿದ್ದು ಈ ನಿಯಮದಿಂದ ಜಾಗ ಕಳೆದುಕೊಳ್ಳಬೇಕಿದ್ದ ಕೆಲವರಿಗೆ ವಿನಾಯಿತಿ ಇದೆ, ಆದರೆ ಹೊಸಬರಿಗೆ ಇಲ್ಲ.

ಕೇಳುವುದಕ್ಕೆ ಒಳ್ಳೆ ಸುದ್ದಿ ಅನಿಸುತ್ತದೆ, ಒಂಬತ್ತು ಜನಕ್ಕೂ ಫುಲ್ ಕೊಡಬಹುದು ಅಲ್ವಾ ಅಂತ. ಕೊಡಬಹುದು, ನಿಜ. ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಮಿತಿ ತೆಗೆದ ಮಾತ್ರಕ್ಕೆ ಖಜಾನೆ ತುಂಬುವುದಿಲ್ಲ. ದೊಡ್ಡ ಟೀಮ್‌ಗಳು ಒಂಬತ್ತಕ್ಕೂ ದುಡ್ಡು ಹೊಂದಿಸುತ್ತವೆ, ಸಣ್ಣವು ಮುಂಚೆ ಕೊಡುತ್ತಿದ್ದಷ್ಟೇ ಕೊಡುತ್ತವೆ. ಕೆಲವು ಕಾಲೇಜುಗಳು ಒಪ್ಪಂದಕ್ಕೆ ಸೇರಲೇ ಇಲ್ಲ, ಅಲ್ಲಿ ಹಳೇ 4.5 ಮತ್ತು 6ರ ಲೆಕ್ಕವೇ ನಡೆಯುತ್ತದೆ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನವರು ಮೊದಲಿಂದಲೂ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಅವರೂ ಹೊರಗೇ ಉಳಿದರು.

ನಮಗೆ ಇದು ಬೇಗ ಅರ್ಥವಾಗಬೇಕು. ಸಿಇಟಿ ಆದ ಮೇಲೆ ಕೆಇಎ ಸೀಟ್ ಮ್ಯಾಟ್ರಿಕ್ಸ್ ಹಿಡಿದುಕೊಂಡು ಯಾವ ಕಾಲೇಜಿನಲ್ಲಿ ಯಾವ ಬ್ರ್ಯಾಂಚ್‌ಗೆ ಎಷ್ಟು ಸೀಟು ಅಂತ ಮನೆಯವರೆಲ್ಲ ತಲೆ ಕೆಡಿಸಿಕೊಳ್ಳುವ ಊರು ನಮ್ಮದು. ಅದೇ ಜನ ಗಾಲ್ಫ್ ವಿಷಯಕ್ಕೆ ಬಂದಾಗ ಸೀಟ್ ಎಷ್ಟಿದೆ ಅಂತ ನೋಡದೆ ಕಾಲೇಜಿನ ಹೆಸರು ನೋಡಿ ಆಪ್ಷನ್ ತುಂಬುತ್ತಾರೆ.

ಇರಲಿ, ರೋಸ್ಟರ್ ಪೇಜ್ ಹೇಗೆ ಓದುವುದು ಅಂತ ಹೇಳುತ್ತೇನೆ. ಪ್ರತಿ ಆಟಗಾರ್ತಿಯ ಫೋಟೋ, ಹೆಸರು, ವರ್ಷ, ಊರು, ಮುಂಚೆ ಓದಿದ ಸ್ಕೂಲ್ ಇರುತ್ತದೆ. ಫೋಟೋದಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಅದನ್ನು ಬಿಡಿ. ವರ್ಷದ ಕಾಲಂ ನೋಡಿ. ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್, ಅಂದರೆ ಕ್ರಮವಾಗಿ ಮೊದಲನೇ ವರ್ಷದಿಂದ ನಾಲ್ಕನೇ ವರ್ಷದವರು. ನಿಮ್ಮ ಮಗು ಅಲ್ಲಿಗೆ ಕಾಲಿಡುವ ವರ್ಷಕ್ಕೆ ಯಾರು ಯಾರು ಪದವಿ ಮುಗಿಸಿ ಹೊರಟಿರುತ್ತಾರೆ ಅಂತ ಲೆಕ್ಕ ಹಾಕಿ. ಮಗಳು ಎರಡು ವರ್ಷ ಬಿಟ್ಟು ಹೋಗುವುದಾದರೆ ಈಗಿನ ಜೂನಿಯರ್, ಸೀನಿಯರ್ ಇಬ್ಬರೂ ಆಗ ಇರುವುದಿಲ್ಲ. ಒಂಬತ್ತರಲ್ಲಿ ಅವರು ಐದು ಜನ ಇದ್ದರೆ ಐದು ಜಾಗ ಖಾಲಿ. ಒಬ್ಬಳೇ ಇದ್ದರೆ ಆ ಟೀಮ್‌ಗೆ ಇಮೇಲ್ ಬರೆಯುವ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಹೆಸರಿನ ಪಕ್ಕ ಆರ್ ಅಂತ ಅಕ್ಷರ ಇದ್ದರೆ ರೆಡ್‌ಶರ್ಟ್, ಅಂದರೆ ಒಂದು ವರ್ಷ ಆಡದೆ ಆ ವರ್ಷದ ಆಡುವ ಅರ್ಹತೆಯನ್ನು ಮುಂದಕ್ಕೆ ಉಳಿಸಿಕೊಂಡವರು. ಸಾಹಿತ್ ತೀಗಲ ನೆನಪಿದ್ದಾನಾ, ತೆಲುಗು ಮನೆಯ ಹುಡುಗ, ಈಗ ಅಮೆರಿಕದ ದೊಡ್ಡ ವೃತ್ತಿಪರ ಸರಣಿ ಪಿಜಿಎ ಟೂರ್‌ನಲ್ಲಿ ಆಡುತ್ತಾನೆ. ಕ್ಯಾಲಿಫೋರ್ನಿಯಾದ ಪೆಪರ್‌ಡೈನ್ ಯೂನಿವರ್ಸಿಟಿಯಲ್ಲಿ ಓದುವಾಗ ಮಣಿಕಟ್ಟಿನ ಆಪರೇಷನ್ ಆಗಿ ಒಂದು ಸೀಸನ್ ಪೂರ್ತಿ ಕೂತಿದ್ದ. ಮರಳಿ ಬಂದವನು 2020ರಲ್ಲಿ ಹ್ಯಾಸ್ಕಿನ್ಸ್, ಬೆನ್ ಹೋಗನ್, ಜಾಕ್ ನಿಕ್ಲಾಸ್ ಅನ್ನುವ ಕಾಲೇಜ್ ಗಾಲ್ಫ್‌ನ ಮೂರೂ ದೊಡ್ಡ ಅವಾರ್ಡ್ ಬಾಚಿಕೊಂಡ. ಒಳ್ಳೆ ಕಥೆಯೇ. ಆದರೆ ಅವನ ಹಿಂದೆ ಜಾಗಕ್ಕೆ ಕಾಯುತ್ತಿದ್ದ ಹುಡುಗನ ಕಡೆಯಿಂದ ನೋಡಿ, ಖಾಲಿ ಆಗಬೇಕಿದ್ದ ಸೀಟು ಇನ್ನೊಂದು ವರ್ಷ ಖಾಲಿ ಆಗಲಿಲ್ಲ. ಅದರ ಮೇಲೆ ಟ್ರಾನ್ಸ್‌ಫರ್ ಪೋರ್ಟಲ್, ಕಾಲೇಜ್ ಬದಲಿಸಲು ಬಯಸುವ ಆಟಗಾರರು ಹೆಸರು ನೋಂದಾಯಿಸುವ ಪಟ್ಟಿ. ಬೇರೆ ಕಾಲೇಜಿನಲ್ಲಿ ಎರಡು ಮೂರು ವರ್ಷ ಆಡಿ ಪಳಗಿದ ಆಟಗಾರ ಸಿಗುವಾಗ ಕೋಚ್ 18 ವರ್ಷದ ಹೊಸಬನಿಗೆ ಯಾಕೆ ಕಾಯುತ್ತಾರೆ? ರೋಸ್ಟರ್‌ನಲ್ಲಿ 'ಮುಂಚಿನ ಸ್ಕೂಲ್' ಕಾಲಂನಲ್ಲಿ ಹೈಸ್ಕೂಲ್ ಬದಲು ಇನ್ನೊಂದು ಯೂನಿವರ್ಸಿಟಿ ಹೆಸರೇ ಜಾಸ್ತಿ ಕಂಡರೆ ಆ ಕೋಚ್‌ನ ಅಭ್ಯಾಸ ಏನು ಅಂತ ಗೊತ್ತಾಗುತ್ತದೆ.

ಊರಿನ ಕಾಲಂ ಕೂಡ ಮಾತಾಡುತ್ತದೆ. ಸ್ವೀಡನ್, ನಾರ್ವೆ, ಸ್ಪೇನ್, ಥಾಯ್ಲೆಂಡ್ ಅಂತ ಹೊರದೇಶದವರು ಇರುವ ಟೀಮ್‌ಗಳಿಗೆ ವೀಸಾ, ದಾಖಲೆ, ಮನೆ ನೆನಪಾಗಿ ಅಳುವ ಮಕ್ಕಳು, ಇದೆಲ್ಲ ಹೊಸದಲ್ಲ. ಓಕ್ಲಹೋಮಾ ಸ್ಟೇಟ್‌ನಲ್ಲಿ ನಾರ್ವೆಯ ವಿಕ್ಟರ್ ಹೋವ್ಲಂಡ್ ಇದ್ದ ಕಾಲಕ್ಕೇ ದುಬೈನಲ್ಲಿ ಬೆಳೆದ ನಮ್ಮ ಭಾರತದ ರೇಹಾನ್ ಥಾಮಸ್ ಕೂಡ ಸೇರಿದ. ಒಂಬತ್ತಕ್ಕೆ ಒಂಬತ್ತೂ ಅದೇ ರಾಜ್ಯದ ಹುಡುಗಿಯರು ಇರುವ ಟೀಮ್‌ಗೆ ಬೆಂಗಳೂರಿನಿಂದ ಬರೆಯುವುದು ತಪ್ಪಲ್ಲ, ಆದರೆ ಉತ್ತರ ಬರುವ ಸಾಧ್ಯತೆ ಕಮ್ಮಿ.

ಸೀಟು ಸಿಕ್ಕಿತು ಅಂದುಕೊಳ್ಳಿ. ಆಡುವುದು ಬೇರೆ ವಿಷಯ. ಕಾಲೇಜ್ ಟೂರ್ನಮೆಂಟ್‌ಗೆ ಒಂದು ಟೀಮ್‌ನಿಂದ ಐದು ಜನ ಹೋಗುತ್ತಾರೆ, ದಿನಕ್ಕೆ ನಾಲ್ಕು ಒಳ್ಳೆ ಸ್ಕೋರ್ ಲೆಕ್ಕಕ್ಕೆ ಬರುತ್ತದೆ. ಉಳಿದ ನಾಲ್ಕು ಜನ ಹಾಸ್ಟೆಲ್‌ನಲ್ಲೇ. ಯಾರು ಹೋಗಬೇಕು ಅನ್ನುವುದಕ್ಕೆ ಟೀಮ್ ಒಳಗೇ ಕ್ವಾಲಿಫೈಯಿಂಗ್ ಆಡಿಸುತ್ತಾರೆ. ರೂಮ್‌ಮೇಟ್ ವಿರುದ್ಧ ಮಂಗಳವಾರ ಆಡಿ ಒಂದು ಶಾಟ್‌ನಲ್ಲಿ ಸೋತು ಗುರುವಾರ ಅವಳು ಫ್ಲೈಟ್ ಹತ್ತುವುದನ್ನು ನೋಡಬೇಕು. ಇದನ್ನು ನಾಲ್ಕು ವರ್ಷ ಮಾಡಲು ಗಟ್ಟಿ ಮನಸ್ಸು ಬೇಕು. ಟೀಮ್‌ನ ಹಳೇ ಫಲಿತಾಂಶ ತೆಗೆದು ನೋಡಿದರೆ ಪ್ರತಿ ಸಲ ಅದೇ ಐದು ಹೆಸರು ಇವೆಯಾ, ಅಥವಾ ಏಳೆಂಟು ಜನ ಸರದಿಯಲ್ಲಿ ಹೋಗುತ್ತಾರಾ ಅಂತ ತಿಳಿಯುತ್ತದೆ. ನಾನು ಸ್ಕಾಲರ್‌ಶಿಪ್‌ಗಿಂತ ಇದನ್ನು ಜಾಸ್ತಿ ನೋಡುತ್ತೇನೆ. ಆಡದೆ ಕೂತ ಮಗು ಬೆಳೆಯುವುದಿಲ್ಲ.

ಈಗ ಕೋಚ್‌ಗಳ ವಿಷಯ. ನಾವು ಕಾಲೇಜ್ ಆರಿಸುತ್ತೇವೆ, ಮಕ್ಕಳು ಕೋಚ್ ಆರಿಸುತ್ತಾರೆ, ಆ ಕೋಚ್ ಮಧ್ಯದಲ್ಲಿ ಎದ್ದು ಹೋಗುತ್ತಾರೆ. ಈಗ ಸ್ಟಾರ್ ಗಾಲ್ಫರ್ ಆಗಿರುವ ಜಾನ್ ರಾಮ್‌ನನ್ನು ಸ್ಪೇನ್‌ನಿಂದ ಅರಿಜೋನಾ ಸ್ಟೇಟ್‌ಗೆ ಕರೆಸಿದ್ದು ಟಿಮ್ ಮಿಕಲ್ಸನ್, ಹೆಸರಾಂತ ಗಾಲ್ಫರ್ ಫಿಲ್ ಮಿಕಲ್ಸನ್ ತಮ್ಮ. 2016ರಲ್ಲಿ ರಾಮ್ ಕಾಲೇಜ್ ಮುಗಿಸಿದ ಕೂಡಲೇ ಟಿಮ್ ಕೋಚ್ ಕೆಲಸ ಬಿಟ್ಟು ಅದೇ ರಾಮ್‌ಗೆ ಏಜೆಂಟ್ ಆದರು. ರಾಮ್‌ಗೆ ಒಳ್ಳೆಯದಾಯಿತು. ಅವರನ್ನೇ ನಂಬಿ ಆ ವರ್ಷ ಸೇರಿದ ಹುಡುಗರ ಗತಿ? ಹೊಸ ಕೋಚ್, ಹೊಸ ಇಷ್ಟಾನಿಷ್ಟ.

ಇನ್ನೊಂದು ಕಡೆ ಬೇರೂರಿದ ಕೋಚ್‌ಗಳೂ ಇದ್ದಾರೆ. ಓಕ್ಲಹೋಮಾ ಸ್ಟೇಟ್‌ನಲ್ಲಿ ಮೈಕ್ ಹೋಲ್ಡರ್ 1973ರಿಂದ 2005ರವರೆಗೆ ಕೋಚ್ ಆಗಿದ್ದರು, ಎಂಟು ರಾಷ್ಟ್ರೀಯ ಪಟ್ಟ ಗೆದ್ದರು. ಹ್ಯೂಸ್ಟನ್‌ನಲ್ಲಿ ಡೇವ್ ವಿಲಿಯಮ್ಸ್ ಒಬ್ಬರೇ 16. ಆರೆಗನ್‌ಗೆ 2016ರಲ್ಲಿ ಪಟ್ಟ ತಂದುಕೊಟ್ಟ ಕೋಚ್ ಕೇಸಿ ಮಾರ್ಟಿನ್ ಕಾಲಿನ ಕಾಯಿಲೆಯಿಂದ ನಡೆಯಲಾರದೆ, ಟೂರ್ನಮೆಂಟ್‌ನಲ್ಲಿ ಕೂತು ಓಡಾಡುವ ಗಾಲ್ಫ್ ಕಾರ್ಟ್ ಬಳಸಲು ಬಿಡಿ ಅಂತ ಪಿಜಿಎ ಟೂರ್ ಮೇಲೆ ಕೇಸ್ ಹಾಕಿ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದವರು. ಇಂಥವರ ಹತ್ತಿರ ಮಗು ಸ್ವಿಂಗ್ ಒಂದೇ ಕಲಿಯುವುದಿಲ್ಲ.

ಕೋಚಿಂಗ್ ಸ್ಟಾಫ್ ಪೇಜ್‌ನಲ್ಲಿ ಹೆಡ್ ಕೋಚ್ ಫೋಟೋ ದೊಡ್ಡದಾಗಿರುತ್ತದೆ, ಅಸಿಸ್ಟೆಂಟ್ ಕೋಚ್ ಕೆಳಗೆ ಸಣ್ಣದಾಗಿ. ನಿಮಗೆ ಇಮೇಲ್ ಬರೆಯುವುದು, ಸ್ಕೋರ್ ಕೇಳುವುದು, ವಿಡಿಯೋ ನೋಡುವುದು ಬಹುಮಟ್ಟಿಗೆ ಆ ಸಣ್ಣ ಫೋಟೋದವರೇ. ಅವರ ಸಂಬಳ ಕಮ್ಮಿ, ಒಳ್ಳೆ ಅವಕಾಶ ಸಿಕ್ಕ ತಕ್ಷಣ ಇನ್ನೊಂದು ಕಾಲೇಜಿಗೆ ಹೆಡ್ ಕೋಚ್ ಆಗಿ ಹೋಗುತ್ತಾರೆ. ಪ್ರತಿ ವರ್ಷ ಅಸಿಸ್ಟೆಂಟ್ ಬದಲಾಗುತ್ತಿದ್ದರೆ ಅದಕ್ಕೆ ಕಾರಣ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ. ಇನ್ನು ಕೆಲವು ಸಣ್ಣ ಕಾಲೇಜುಗಳಲ್ಲಿ ಗಂಡುಮಕ್ಕಳ ಟೀಮ್‌ಗೂ ಹೆಣ್ಣುಮಕ್ಕಳ ಟೀಮ್‌ಗೂ ಒಬ್ಬರೇ ಕೋಚ್. ಎರಡೂ ಟೀಮ್‌ಗೆ ಒಂದೇ ವಾರ ಬೇರೆ ಬೇರೆ ರಾಜ್ಯದಲ್ಲಿ ಟೂರ್ನಮೆಂಟ್ ಬಂದರೆ ಅವರು ಯಾರ ಜೊತೆ ಹೋಗುತ್ತಾರೆ?

ದುಡ್ಡಿನ ಕಥೆಗೆ ಬರೋಣ. ನನಗೆ ಇದೇ ಜಾಸ್ತಿ ಇಷ್ಟ. ಗಾಲ್ಫ್ ಟೀಮ್ ದುಡಿಯುವುದಿಲ್ಲ. ಟಿಕೆಟ್ ಇಲ್ಲ, ಟಿವಿ ಹಕ್ಕಿನಿಂದ ಬರುವುದು ಏನೂ ಇಲ್ಲ ಅನ್ನುವಷ್ಟು. ಫುಟ್‌ಬಾಲ್ ದುಡಿಯುತ್ತದೆ, ಗಾಲ್ಫ್ ಖರ್ಚು ಮಾಡುತ್ತದೆ. ಕೋಚ್ ಸಂಬಳ, ಸ್ಕಾಲರ್‌ಶಿಪ್, ಫ್ಲೈಟ್, ಹೋಟೆಲ್, ಪ್ರ್ಯಾಕ್ಟೀಸ್ ಜಾಗ. ಕ್ಲಬ್, ಬಾಲ್ ಕಂಪನಿಗಳು ಕೊಡಬಹುದು, ಊರಿನ ಯಾವುದೋ ಪ್ರೈವೇಟ್ ಕ್ಲಬ್ ತನ್ನ ಕೋರ್ಸ್ ಬಿಟ್ಟುಕೊಡಬಹುದು. ಉಳಿದಿದ್ದು ದಾನಿಗಳಿಂದ ಬರಬೇಕು. ಅದಕ್ಕೇ ದೊಡ್ಡ ಟೀಮ್‌ನ ಕೋಚ್ ಅರ್ಧ ಕೋಚ್, ಅರ್ಧ ಚಂದಾ ವಸೂಲಿಗಾರ. ಸ್ಟ್ಯಾನ್‌ಫರ್ಡ್‌ನಲ್ಲಂತೂ ಗಾಲ್ಫ್ ಕೋಚ್ ಹುದ್ದೆಗೇ ದಾನಿ ಕುಟುಂಬದ ಹೆಸರಿದೆ.

ಹೋಲ್ಡರ್ ಇದರಲ್ಲಿ ಎತ್ತಿದ ಕೈ. ಸ್ಟಿಲ್‌ವಾಟರ್ ಅನ್ನುವ ಸಣ್ಣ ಊರಿನಲ್ಲಿ ಟೀಮ್‌ಗೆ ತನ್ನದೇ ಕೋರ್ಸ್ ಬೇಕು ಅಂತ ಹಟ ಹಿಡಿದು ದುಡ್ಡು ಎತ್ತಿದರು. 1994ರಲ್ಲಿ ಕಾರ್ಸ್ಟನ್ ಕ್ರೀಕ್ ತೆರೆಯಿತು, ಟಾಮ್ ಫಾಜಿಯೊ ವಿನ್ಯಾಸ, ಹೆಸರು ಗಾಲ್ಫ್ ಕ್ಲಬ್ ತಯಾರಿಸುವ ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಅವರದು. 2018ರಲ್ಲಿ ಅದೇ ಕೋರ್ಸ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದು ಓಕ್ಲಹೋಮಾ ಸ್ಟೇಟ್ ಗೆದ್ದಿತು. 2025ರಲ್ಲಿ ಕ್ಯಾಲಿಫೋರ್ನಿಯಾದ ಲಾ ಕೋಸ್ಟಾದಲ್ಲಿ ವರ್ಜೀನಿಯಾವನ್ನು ಸೋಲಿಸಿ ಮತ್ತೆ ಗೆದ್ದಿತು, ಒಟ್ಟು 12. ಇನ್ನೂ ಸ್ವಾರಸ್ಯ ಅಂದರೆ 2005ರಲ್ಲಿ ಗಾಲ್ಫ್ ಕೋಚ್ ಆಗಿದ್ದ ಹೋಲ್ಡರ್ ಇಡೀ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥರಾದರು. ಅದೇ ವರ್ಷದ ಕೊನೆಯಲ್ಲಿ ಎಣ್ಣೆ ಉದ್ಯಮಿ ಬೂನ್ ಪಿಕನ್ಸ್ ಕ್ರೀಡಾ ವಿಭಾಗಕ್ಕೆ 165 ಮಿಲಿಯನ್ ಡಾಲರ್ ಕೊಟ್ಟರು. ಒಬ್ಬ ಗಾಲ್ಫ್ ಕೋಚ್‌ಗೆ ಶ್ರೀಮಂತರ ಜೊತೆ 18 ಹೋಲ್ ನಡೆಯುವ ಅವಕಾಶ ಎಷ್ಟು ಸಲ ಸಿಗುತ್ತದೆ ಯೋಚಿಸಿ. ಫುಟ್‌ಬಾಲ್ ಕೋಚ್‌ಗೆ ಆ ಭಾಗ್ಯ ಇಲ್ಲ.

ದುಡ್ಡು ಕಮ್ಮಿ ಆದಾಗ ಮೊದಲು ಕತ್ತರಿ ಬೀಳುವುದೂ ಇಂಥ ಆಟಗಳಿಗೇ. 2020ರ ಕೋವಿಡ್ ಸಮಯದಲ್ಲಿ ಓಹಾಯೊದ ಏಕ್ರನ್ ಯೂನಿವರ್ಸಿಟಿ ಖರ್ಚು ಕಡಿಮೆ ಮಾಡಲು ಕೈಬಿಟ್ಟ ಮೂರು ಆಟಗಳಲ್ಲಿ ಗಂಡುಮಕ್ಕಳ ಗಾಲ್ಫ್ ಒಂದು. ಈಗ ಫುಟ್‌ಬಾಲ್ ಹುಡುಗರಿಗೆ ಕೋಟಿಗಟ್ಟಲೆ ಕೊಡಬೇಕಾದ ಕಾಲದಲ್ಲಿ ಮಧ್ಯಮ ದರ್ಜೆಯ ಕಾಲೇಜುಗಳ ಗಾಲ್ಫ್ ಟೀಮ್ ಬಗ್ಗೆ ನನಗೆ ಭಯ ಇದೆ. ಹಾಗಂತ ಫುಟ್‌ಬಾಲ್ ಇಲ್ಲದ ಕಾಲೇಜ್ ಬಡವಾಗಿರುತ್ತದೆ ಅಂತಲೂ ಅಲ್ಲ. ಪೆಪರ್‌ಡೈನ್‌ಗೆ ಫುಟ್‌ಬಾಲ್ ಟೀಮೇ ಇಲ್ಲ, ಗಾಲ್ಫ್‌ನಲ್ಲಿ 1997 ಮತ್ತು 2021ರಲ್ಲಿ ರಾಷ್ಟ್ರೀಯ ಚಾಂಪಿಯನ್.

ಒಳ್ಳೆ ವಿಷಯ ಅಂದರೆ ಈ ಲೆಕ್ಕವನ್ನು ನಾವೇ ಮನೆಯಲ್ಲಿ ಕೂತು ನೋಡಬಹುದು. ಅಮೆರಿಕದ ಶಿಕ್ಷಣ ಇಲಾಖೆ 'ಇಕ್ವಿಟಿ ಇನ್ ಅಥ್ಲೆಟಿಕ್ಸ್' ಅಂತ ಡೇಟಾ ಇಟ್ಟಿದೆ. ಕಾಲೇಜಿನ ಹೆಸರು ಹಾಕಿದರೆ ಯಾವ ಆಟಕ್ಕೆ ಎಷ್ಟು ಆಟಗಾರರು, ಒಟ್ಟು ಎಷ್ಟು ಖರ್ಚು, ಎಷ್ಟು ಆದಾಯ ಅಂತ ಬರುತ್ತದೆ. ಮೊದಲ ಸಲ ನೋಡಿದವರಿಗೆ ಒಂದು ತಮಾಷೆ ಕಾಣುತ್ತದೆ. ಗಾಲ್ಫ್ ಸಾಲಿನಲ್ಲಿ ಎಷ್ಟೋ ಕಾಲೇಜುಗಳ ಆದಾಯವೂ ಖರ್ಚೂ ಒಂದೇ ಅಂಕಿ, ಒಂದು ಡಾಲರ್ ಹೆಚ್ಚಿಲ್ಲ, ಒಂದು ಡಾಲರ್ ಕಮ್ಮಿ ಇಲ್ಲ. ಗಾಲ್ಫ್‌ನಿಂದ ಅಷ್ಟು ಸಂಪಾದನೆ ಆಯಿತು ಅಂತಲ್ಲ. ಕೊರತೆ ಬಿದ್ದಷ್ಟನ್ನು ಯೂನಿವರ್ಸಿಟಿಯೇ ತುಂಬಿ, ಅದನ್ನೂ ಆದಾಯದ ಸಾಲಿಗೆ ಹಾಕಿರುತ್ತದೆ. ಹಾಗಾಗಿ ಆದಾಯದ ಕಾಲಂ ನೋಡಿ ಟೀಮ್ ಗಟ್ಟಿ ಇದೆ ಅಂದುಕೊಳ್ಳಬೇಡಿ. ಒಟ್ಟು ಖರ್ಚನ್ನು ಆಟಗಾರರ ಸಂಖ್ಯೆಯಿಂದ ಭಾಗಿಸಿ, ಒಂದೇ ಕಾನ್ಫರೆನ್ಸ್‌ನ, ಅಂದರೆ ತಮ್ಮತಮ್ಮಲ್ಲೇ ಸ್ಪರ್ಧಿಸುವ ಗುಂಪಿನ, ನಾಲ್ಕೈದು ಕಾಲೇಜ್ ಪಕ್ಕಪಕ್ಕ ಇಟ್ಟು ನೋಡಿ. ಯಾರು ಟೀಮ್‌ಗೆ ನಿಜವಾಗಿ ಖರ್ಚು ಮಾಡುತ್ತಾರೆ, ಯಾರು ಸುಮ್ನೆ ಹೆಸರಿಗೆ ನಡೆಸುತ್ತಾರೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಾವು ಒಬ್ಬ ಕನ್ಸಲ್ಟೆಂಟ್ ಹತ್ತಿರವೂ ಹೋಗಿದ್ದೆವು. ಹೆಸರು ಬೇಡ. ದಪ್ಪ ಫೈಲ್, ಒಳ್ಳೆ ಎಸಿ ರೂಮ್, ದೊಡ್ಡ ಫೀಸು. ಮಗಳಿಗೆ ಅಂತ ಕೊಟ್ಟ ಪಟ್ಟಿಯಲ್ಲಿ ಒಂದು ಕಾಲೇಜಿಗೆ ಹೆಣ್ಣುಮಕ್ಕಳ ಗಾಲ್ಫ್ ಟೀಮೇ ಇರಲಿಲ್ಲ! ಮಗಳೇ ಅಲ್ಲೇ ಫೋನ್ ತೆಗೆದು ತೋರಿಸಿದಳು. ಅವರು ಸ್ವಲ್ಪವೂ ಅಳುಕದೆ "ಮುಂದಿನ ವರ್ಷ ಶುರು ಮಾಡಬಹುದು" ಅಂದರು.

ಮನೆಯ ಲೆಕ್ಕ ಒಂದು ಹೇಳಿಬಿಡುತ್ತೇನೆ. ಹೆಸರಾಂತ ಖಾಸಗಿ ಯೂನಿವರ್ಸಿಟಿಗಳಲ್ಲಿ ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಅಲ್ಲಿ 40 ಪರ್ಸೆಂಟ್ ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಸ್ವೀಟ್ ಹಂಚುತ್ತೀರಿ. ಉಳಿದ 48,000 ಡಾಲರ್ ನಿಮ್ಮದು. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 40 ಲಕ್ಷದ ಮೇಲೆ. ನಾಲ್ಕು ವರ್ಷಕ್ಕೆ ಗುಣಿಸಿ. ಜೆಪಿ ನಗರದಲ್ಲಿ ಫ್ಲಾಟ್ ಮಾರಬೇಕಾಗುತ್ತದೆ. ಅದರ ಬದಲು ಫೀಸು ಕಮ್ಮಿ ಇರುವ ಕಾಲೇಜಿನಲ್ಲಿ 30 ಪರ್ಸೆಂಟ್ ಗಾಲ್ಫ್‌ನಿಂದ, ಇನ್ನಷ್ಟು ಮಾರ್ಕ್ಸ್‌ನಿಂದ ಸಿಕ್ಕರೆ ಅದೇ ಲಾಭ. ಆಫರ್ ಎಷ್ಟು ವರ್ಷಕ್ಕೆ ಅಂತಲೂ ಬರಹದಲ್ಲಿ ಕೇಳಿ. ವರ್ಷ ವರ್ಷ ನವೀಕರಿಸುವ ಆಫರ್‌ಗಳೇ ಬಹಳ ಕಾಲದಿಂದ ರೂಢಿ.

ಎಂಡಾರ್ಸ್‌ಮೆಂಟ್‌ನಿಂದ ದುಡ್ಡು ಬರುತ್ತದಂತಲ್ಲ ಅಂತ ಕೇಳುವವರಿಗೆ: ನಮ್ಮ ಮಕ್ಕಳು ಹೋಗುವುದು ಎಫ್-1 ವೀಸಾದಲ್ಲಿ. ಓದುವ ವೀಸಾ, ದುಡಿಯುವ ವೀಸಾ ಅಲ್ಲ. ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸಕ್ಕೆ ಅವಕಾಶ, ಅಷ್ಟೇ. ಅಮೆರಿಕದ ಗೆಳೆಯ ಇನ್‌ಸ್ಟಾಗ್ರಾಂನಲ್ಲಿ ಗ್ಲೌಸ್ ತೋರಿಸಿ ದುಡ್ಡು ಮಾಡುತ್ತಾನೆ ಅಂತ ನಮ್ಮವರು ಮಾಡಲು ಹೋದರೆ ವೀಸಾಗೇ ಕುತ್ತು. ಈ ಲೆಕ್ಕವನ್ನು ಬಜೆಟ್‌ನಿಂದ ಹೊರಗಿಡಿ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಸಣ್ಣ ಅನುಕೂಲ ಇದೆ. ಟೈಟಲ್ 9 ಅಂತ 1972ರ ಕಾನೂನು, ಓದಿನಲ್ಲೂ ಆಟದಲ್ಲೂ ಗಂಡು ಹೆಣ್ಣು ಭೇದ ಮಾಡಬಾರದು ಅನ್ನುತ್ತದೆ. ಫುಟ್‌ಬಾಲ್ ಒಂದಕ್ಕೇ 85 ಸ್ಕಾಲರ್‌ಶಿಪ್ ಹೋಗುತ್ತಿದ್ದ ಕಾಲದಲ್ಲಿ ತಕ್ಕಡಿ ಸರಿ ಮಾಡಲು ಉಳಿದ ಆಟಗಳಲ್ಲಿ ಹುಡುಗಿಯರಿಗೆ ಜಾಸ್ತಿ ಕೊಟ್ಟರು. ಗಾಲ್ಫ್‌ನಲ್ಲಿ 4.5 ಮತ್ತು 6 ಅನ್ನುವ ವ್ಯತ್ಯಾಸ ಬಂದಿದ್ದು ಹೀಗೆ. ಡಿವಿಷನ್ 2ರಲ್ಲೂ ಹುಡುಗರಿಗೆ 3.6, ಹುಡುಗಿಯರಿಗೆ 5.4. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ, ಬರೀ ಮಾರ್ಕ್ಸ್ ಮತ್ತು ಅಗತ್ಯ ನೋಡಿ ಕೊಡುತ್ತಾರೆ.

ಡಿವಿಷನ್ 2 ಅಂದ ಕೂಡಲೇ ಮುಖ ಸಿಂಡರಿಸುವವರಿದ್ದಾರೆ. ಭಾರತದ ಹೆಸರಾಂತ ಗಾಲ್ಫರ್ ಜೀವ್ ಮಿಲ್ಖಾ ಸಿಂಗ್ ಓದಿದ್ದು ಟೆಕ್ಸಾಸ್‌ನ ಅಬಿಲೀನ್ ಕ್ರಿಶ್ಚಿಯನ್‌ನಲ್ಲಿ. ಆಗ ಅದು ಡಿವಿಷನ್ 2. 1993ರಲ್ಲಿ ವೈಯಕ್ತಿಕ ಚಾಂಪಿಯನ್ ಆದರು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಕಾಲೇಜಿಗೆ ಹೋಗದೆಯೂ ದಾರಿ ಇದೆ ಅನ್ನುವುದಕ್ಕೆ ನಮ್ಮದೇ ಊರಿನ ಅದಿತಿ ಅಶೋಕ್ ಇದ್ದಾಳೆ. ಕೆಜಿಎ, ಅಂದರೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್‌ನಲ್ಲಿ ಆಟ ಕಲಿತು 2016ರ ಆರಂಭದಲ್ಲೇ, 17ರ ವಯಸ್ಸಿಗೆ, ಪ್ರೊ ಆದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮ ಬ್ಯಾಗ್ ಹೊತ್ತು ಒಂದು ಶಾಟ್‌ನಲ್ಲಿ ಪದಕ ತಪ್ಪಿದ್ದು ನಾವೆಲ್ಲ ಬೆಳಗಿನ ಜಾವ ಎದ್ದು ನೋಡಿದ್ದೇವೆ. ಈಗಲ್‌ಟನ್ ಗಾಲ್ಫ್ ರೆಸಾರ್ಟ್ ಪಕ್ಕದ ಹಳ್ಳಿಯಿಂದ ಕ್ಯಾಡಿ (ಆಟಗಾರರ ಬ್ಯಾಗ್ ಹೊರುವವ) ಆಗಿ ಶುರು ಮಾಡಿದ ಗಾಲ್ಫರ್ ಚಿಕ್ಕರಂಗಪ್ಪನಿಗೂ ಅಮೆರಿಕದ ಕಾಲೇಜ್ ಬೇಕಾಗಲಿಲ್ಲ. ಆದರೆ ಅದಿತಿ ತರಹ ಆಡುವ ಮಗು ನಮ್ಮ ಮನೆಯಲ್ಲಿ ಇದೆ ಅಂತ ಪ್ರತಿ ಮನೆಯವರೂ ಅಂದುಕೊಂಡರೆ ಕಷ್ಟ. ಓದೂ ಕೈಯಲ್ಲಿರಲಿ ಅನ್ನುವವರಿಗೆ ಕಾಲೇಜ್ ಗಾಲ್ಫ್ ಒಳ್ಳೆಯದೇ. ಈಗಂತೂ ಕಾಲೇಜ್ ಆಟಗಾರರ ರ‍್ಯಾಂಕಿಂಗ್ ಆದ ಪಿಜಿಎ ಟೂರ್ ಯೂನಿವರ್ಸಿಟಿ ಪಟ್ಟಿಯಲ್ಲಿ ಮೊದಲು ಬಂದ ಹುಡುಗನಿಗೆ ನೇರ ಪಿಜಿಎ ಟೂರ್ ಕಾರ್ಡ್, ಅಂದರೆ ಅಲ್ಲಿ ಆಡುವ ಅರ್ಹತೆ. 2023ರಲ್ಲಿ ಟೆಕ್ಸಾಸ್ ಟೆಕ್‌ನ ಲುಡ್ವಿಗ್ ಓಬರ್ಗ್ ಹಾಗೆ ಹೋದ ಮೊದಲಿಗ.

ನಮ್ಮ ಮಕ್ಕಳಿಗೆ ಅಲ್ಲಿ ನಿಜವಾಗಿ ಏಟು ಬೀಳುವುದು ಎಲ್ಲಿ ಗೊತ್ತಾ? ಬ್ಯಾಗ್‌ನಲ್ಲಿ. ಇಲ್ಲಿ ಕ್ಲಬ್‌ಗಳಲ್ಲಿ ಕ್ಯಾಡಿ ಜೊತೆ ಆಡಿಯೇ ಬೆಳೆಯುತ್ತಾರೆ. ಕ್ಯಾಡಿ ಅಣ್ಣ ಬ್ಯಾಗ್ ಹೊರುತ್ತಾನೆ, ಬಾಲ್ ಒರೆಸುತ್ತಾನೆ, "ಎರಡು ಕಪ್ ಎಡಕ್ಕೆ ಆಡಮ್ಮ" ಅಂತ ಗ್ರೀನ್ ಕೂಡ ಓದಿಕೊಡುತ್ತಾನೆ, ಅಂದರೆ ಕುಳಿಯ ಹತ್ತಿರದ ಹುಲ್ಲಿನಲ್ಲಿ ಬಾಲ್ ಯಾವ ಕಡೆ ತಿರುಗುತ್ತದೆ ಅಂತ ಹೇಳುತ್ತಾನೆ. ಕಾಲೇಜ್ ಟೂರ್ನಮೆಂಟ್‌ನಲ್ಲಿ ಕ್ಯಾಡಿ ಇಲ್ಲ. ಬ್ಯಾಗ್ ಹೆಗಲ ಮೇಲೆ ಅಥವಾ ತಳ್ಳುಗಾಡಿಯಲ್ಲಿ. ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಮೊದಲ ದಿನವೇ 36 ಹೋಲ್, ಮಾರನೇ ದಿನ 18. ಕೋಚ್ ಅಲ್ಲಲ್ಲಿ ಬಂದು ಸಲಹೆ ಕೊಡುತ್ತಾರೆ, ಐದು ಜನಕ್ಕೂ ಅವರೇ. ಅಕ್ಟೋಬರ್ ಗಾಳಿಯಲ್ಲಿ 30ನೇ ಹೋಲ್‌ನಲ್ಲಿ ಗ್ರೀನ್ ನೀವೇ ಓದಬೇಕು. ಈಗಿನಿಂದಲೇ ವಾರಕ್ಕೊಮ್ಮೆ ಆದರೂ ಮಕ್ಕಳು ತಾವೇ ಬ್ಯಾಗ್ ಹೊತ್ತು, ಕ್ಯಾಡಿ ಬಾಯಿಗೆ ಬೀಗ ಹಾಕಿಸಿ ಆಡಲಿ. ಕ್ಯಾಡಿಗೆ ಪೂರ್ತಿ ದುಡ್ಡು ಕೊಟ್ಟೇ.

ಸ್ಕೋರ್ ಕಳಿಸುವಾಗಲೂ ಹುಷಾರು. 1876ರ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಊರ ಮಧ್ಯೆ ಇರುವ ಚಂದದ ಜಾಗ, ಆದರೆ ಕೋರ್ಸ್ ಚಿಕ್ಕದು. ಅಲ್ಲಿ 70 ಹೊಡೆದದ್ದೂ ಕೆಜಿಎಯಲ್ಲಿ 72 ಹೊಡೆದದ್ದೂ ಒಂದೇ ಅಲ್ಲ. ಕೋಚ್‌ಗಳಿಗೆ ಸ್ಕೋರ್ ಜೊತೆ ಯಾರ್ಡ್ ಎಷ್ಟು, ಕೋರ್ಸ್ ಎಷ್ಟು ಕಷ್ಟ ಅಂತ ಹೇಳುವ ಕೋರ್ಸ್ ರೇಟಿಂಗ್ ಎಷ್ಟು ಅಂತ ಬೇಕು. ಇನ್ನೊಂದು, ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಬಾಲ್ ಸುಮಾರು 3 ಪರ್ಸೆಂಟ್ ಜಾಸ್ತಿ ಹೋಗುತ್ತದೆ. ಇಲ್ಲಿ 150 ಯಾರ್ಡ್ ಹೋಗುವ ಐರನ್ ಚೆನ್ನೈನಲ್ಲಿ 145 ಹೋದರೆ ಆಶ್ಚರ್ಯ ಬೇಡ. ಹೊಡೆತದ ವೇಗ, ದೂರ ಅಳೆಯುವ ಲಾಂಚ್ ಮಾನಿಟರ್ ಯಂತ್ರದ ಅಂಕಿ ಕಳಿಸುವಾಗ ಎಲ್ಲಿ ಅಳೆದದ್ದು ಅಂತ ಬರೆದರೆ ಈ ಮಗುವಿಗೆ ತನ್ನ ಆಟ ಗೊತ್ತು ಅಂತ ಕೋಚ್‌ಗೆ ಅನಿಸುತ್ತದೆ.

ಕೊನೆಯದಾಗಿ ಇಮೇಲ್. ಹತ್ತನೇ ಕ್ಲಾಸ್ ಮುಗಿದ ವರ್ಷದ ಜೂನ್ 15ರ ತನಕ ಡಿವಿಷನ್ 1 ಕೋಚ್‌ಗಳು ಮಕ್ಕಳಿಗೆ ಖುದ್ದಾಗಿ ಉತ್ತರ ಬರೆಯುವ ಹಾಗಿಲ್ಲ. ನಿಯಮ ಅದು. ಇದು ಗೊತ್ತಿಲ್ಲದೆ ಒಂಬತ್ತನೇ ಕ್ಲಾಸಿನಲ್ಲೇ ಮೇಲ್ ಕಳಿಸಿ, ಉತ್ತರ ಬರಲಿಲ್ಲ ಅಂತ ಮಗುವಿನ ಮುಂದೆ ಮುಖ ಸಣ್ಣದು ಮಾಡಿಕೊಂಡ ಅಪ್ಪಂದಿರು ನನಗೇ ಗೊತ್ತಿದ್ದಾರೆ. ಆದರೆ ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಜೋಪಾನ, ಎನ್‌ಸಿಎಎ ಅರ್ಹತೆಯ ಲೆಕ್ಕ ಅಲ್ಲಿಂದಲೇ ಶುರು. ಜೂನ್ 15 ಆದ ಮೇಲೆ ಬರೆಯುವ ಮೇಲ್ ಚಿಕ್ಕದಿರಲಿ. ಹೆಸರು, ಯಾವ ವರ್ಷ ಸೇರುತ್ತೀರಿ, ಇತ್ತೀಚಿನ ಟೂರ್ನಮೆಂಟ್ ಸ್ಕೋರ್, ಎರಡು ನಿಮಿಷದ ಸ್ವಿಂಗ್ ವಿಡಿಯೋ, ಮತ್ತು ಆ ಟೀಮ್‌ಗೇ ಯಾಕೆ ಬರೆಯುತ್ತಿದ್ದೀರಿ ಅನ್ನುವ ಒಂದು ಸಾಲು. ಮಗಳು ಹೋದ ವಾರ ಒಬ್ಬ ಅಸಿಸ್ಟೆಂಟ್ ಕೋಚ್‌ಗೆ ಬರೆದಳು, "ನಿಮ್ಮಲ್ಲಿ 2027ಕ್ಕೆ ಮೂವರು ಸೀನಿಯರ್‌ಗಳು ಹೋಗುತ್ತಾರೆ, ಅದರಲ್ಲಿ ಎಷ್ಟು ಜಾಗ ಟ್ರಾನ್ಸ್‌ಫರ್‌ಗೆ, ಎಷ್ಟು ಹೊಸಬರಿಗೆ?" ಅಂತ. ಇಷ್ಟು ನೇರವಾಗಿ ಕೇಳಬಹುದಾ ಅಂತ ನನಗೆ ಸ್ವಲ್ಪ ಅಳುಕಿತ್ತು, ಸ್ವಲ್ಪ ಮೆತ್ತಗೆ ಮಾಡು ಅಂದೆ. ಅವಳು ಕೇಳಲಿಲ್ಲ. ಎರಡೇ ದಿನದಲ್ಲಿ ಉತ್ತರ ಬಂತು: ಹೊಸಬರಿಗೆ ಒಂದೇ ಜಾಗ, ಅದಕ್ಕೆ ಈಗಾಗಲೇ ನಾಲ್ಕು ಹುಡುಗಿಯರ ಜೊತೆ ಮಾತುಕತೆ ನಡೆಯುತ್ತಿದೆ, ನಿನ್ನ ಡಿಸೆಂಬರ್ ಸ್ಕೋರ್‌ಗಳನ್ನು ಕಳಿಸು.